ಬಯಲಿನಲ್ಲಿ ಒಂದು ಗೇಣು

ಈ ದೇಶ ಬಹಳ ದೊಡ್ಡದು ಎಂದು ವೇದಿಕೆ ಹತ್ತಿದವರೆಲ್ಲ ಹೇಳುತ್ತಾರೆ. ಎಷ್ಟು ದೊಡ್ಡದು ಎಂದು ತಿರುಗಿ ಕೇಳಿದರೆ ಕೈ ಅಗಲಿಸಿ ತೋರಿಸುತ್ತಾರೆ, ಅಷ್ಟೆ. ಸರಿಯಾದ ಲೆಕ್ಕ ಬೇಕಾದವರು ಕೋಲಣ್ಣನ ಹಿಮ್ಮಡಿ ನೋಡಬೇಕಿತ್ತು. ಮೂವತ್ತನಾಲ್ಕು ವರ್ಷ ಅಳತೆ ಇಲಾಖೆಯಲ್ಲಿ ಕೋಲು ಹಿಡಿದು ನಡೆದು ಅದು ಬೇಸಿಗೆಯ ಕೆರೆಯ ತಳದಂತೆ ಬಿರುಕು ಬಿಟ್ಟಿತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಉಳಿದಿತ್ತು. ಮಿಕ್ಕವರಿಗೆಲ್ಲ ಅವನು ಕೋಲಣ್ಣ.

ಕೆಲಸ ಹೇಳುವುದಕ್ಕೆ ಸುಲಭ. ಸಾಹೇಬರು ಮುಕ್ಕಾಲಿಯ ಮೇಲೆ ದುರ್ಬೀನು ಇಟ್ಟು ಮಟ್ಟ ಮಾಡುತ್ತಾರೆ. ನೂರು ಹೆಜ್ಜೆ ದೂರದಲ್ಲಿ ಕೋಲಣ್ಣ ಕೆಂಪು ಕಪ್ಪು ಅಂಕಿಗಳ ಉದ್ದನೆಯ ಕೋಲನ್ನು ನೆಟ್ಟಗೆ ಹಿಡಿದು ನಿಲ್ಲುತ್ತಾನೆ. ಸಾಹೇಬರು ಅಂಕಿ ಓದಿ ಬರೆದುಕೊಳ್ಳುತ್ತಾರೆ. ಆಮೇಲೆ ದುರ್ಬೀನು ಮುಂದಕ್ಕೆ, ಕೋಲು ಅದಕ್ಕಿಂತ ಮುಂದಕ್ಕೆ. ಸಮುದ್ರದ ದಡದ ಮೊದಲ ಕಲ್ಲಿನಿಂದ ಹೊರಟು, ನೆಲ ಎಲ್ಲಿ ಎಷ್ಟು ಏರಿತು, ಎಲ್ಲಿ ಎಷ್ಟು ಇಳಿಯಿತು ಎಂದು ಹಿಡಿಯುತ್ತಾ, ಅಲ್ಲಲ್ಲಿ ಮಟ್ಟದ ಕಲ್ಲು ನೆಟ್ಟು ಅದರ ಎತ್ತರ ದಾಖಲೆ ಮಾಡುತ್ತಾ ಹೋಗಬೇಕು. ಸುಮ್ಮನೆ ನಿಲ್ಲುವುದರಲ್ಲೇನು ವಿದ್ಯೆ ಎಂದು ಮೂಗು ಮುರಿಯುವವರು ಎರಡಾಳೆತ್ತರದ ಕೋಲನ್ನು ಬೀಸುವ ಗಾಳಿಯಲ್ಲಿ ಅಲುಗದ ಹಾಗೆ ಒಂದು ಗಳಿಗೆ ಹಿಡಿದು ನೋಡಲಿ.

ಹೀಗೆ ಹಿಡಿದೇ ಅವನು ದೇಶವನ್ನೆಲ್ಲ ಕಂಡ. ಉಬ್ಬರ ಬಂದಾಗ ಅರ್ಧ ಮೈಲಿ ಮುಳುಗಿ ಇಳಿತದಲ್ಲಿ ಮತ್ತೆ ಮೇಲೇಳುವ ಕೆಸರಿನ ಕರಾವಳಿ ಕಂಡ. ಅದರ ಬೆನ್ನಿಗೇ ಗೋಡೆಯಂತೆ ಎದ್ದು ನಿಂತ ಬೆಟ್ಟಸಾಲನ್ನು ಹತ್ತಿದ. ಹತ್ತಿದ ಮೇಲೆ ಇಳಿಯಬೇಕಲ್ಲ ಅಂದುಕೊಂಡರೆ ಇಳಿಜಾರೇ ಇಲ್ಲ. ತಿಂಗಳುಗಟ್ಟಲೆ ನಡೆದರೂ ಮುಗಿಯದ ಕಪ್ಪು ಕಲ್ಲಿನ ಪ್ರಸ್ಥಭೂಮಿ. ಮರಳುಗಾಡಿನಲ್ಲಿ ಸಂಜೆ ಹೊಡೆದ ಗೂಟ ಬೆಳಿಗ್ಗೆ ದಿಬ್ಬದೊಳಗೆ ಮಾಯವಾಗಿ, ಅದನ್ನು ಹುಡುಕುವುದರಲ್ಲೇ ಎರಡು ವಾರ ಕಳೆದ. ಉತ್ತರದ ಹಿಮಬೆಟ್ಟಗಳಲ್ಲಿ ಇಪ್ಪತ್ತು ಹೆಜ್ಜೆಗೊಮ್ಮೆ ಕುಳಿತು ಉಸಿರು ಎಳೆದುಕೊಂಡ. ಅಲ್ಲಿ ಬಿದ್ದ ಮಳೆ, ಕರಗಿದ ಹಿಮ ಎಲ್ಲ ಸೇರಿ ನದಿಯಾಗಿ ಐದು ದಿನಕ್ಕೆ ಕೆಳಗಿನ ಬಯಲಿಗೆ ಬರುತ್ತದೆ. ಆ ಬಯಲೇ ಅವನಿಗೆ ಎಲ್ಲಕ್ಕಿಂತ ಕಷ್ಟ ಕೊಟ್ಟಿದ್ದು. ನೋಡಿದರೆ ನೆಲ ಅಂಗೈಯಷ್ಟು ಸಪಾಟು. ಮೈಲಿಗೆ ಒಂದು ಗೇಣು ಇಳಿದರೆ ಹೆಚ್ಚು.

"ಬೆಟ್ಟದಲ್ಲಿ ಒಂದು ಗೇಣು ತಪ್ಪಿದ್ರೆ ಬೆಟ್ಟಕ್ಕೂ ಗೊತ್ತಾಗಲ್ಲ," ಎಂದು ಅವನು ಚಹಾದಂಗಡಿಯಲ್ಲಿ ಹೇಳುತ್ತಿದ್ದ. "ಬಯಲಲ್ಲಿ ತಪ್ಪಿದ್ರೆ ನದಿಗೆ ಗೊತ್ತಾಗತ್ತೆ." ಕೇಳಿದವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಆ ಮಾತು ಅವನ ಹೊಟ್ಟೆಯೊಳಗೆ ಎಲ್ಲಿಂದ ಎದ್ದು ಬರುತ್ತಿತ್ತು ಎಂಬುದು ಯಾರಿಗೂ ತಿಳಿಯದು.

ವರ್ಷಕ್ಕೆ ಹನ್ನೊಂದು ತಿಂಗಳು ಅವನು ಊರೂರು ಅಲೆಯುತ್ತಿದ್ದ. ಉಳಿದ ಒಂದು ತಿಂಗಳು ಮನೆಗೆ ಬಂದರೆ ಚೀಲ ಇಳಿಸುವ ಮೊದಲೇ ಮಗಳನ್ನು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ಅವಳ ನೆತ್ತಿಯ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯುತ್ತಿದ್ದ. "ಅಲುಗಾಡಬೇಡ್ವೇ. ನಿಮ್ಮಪ್ಪನ ಗೆರೆ ಕೂದಲೆಳೆಯಷ್ಟೂ ತಪ್ಪಲ್ಲ." ಮಗಳಿಗೆ ಅಪ್ಪ ಎಂದರೆ ಆ ಗೆರೆಗಳೇ, ಬೇರೆ ಅಪ್ಪ ಅವಳಿಗೆ ಸಿಕ್ಕಿದ್ದೇ ಕಡಿಮೆ. ಮದುವೆಯಾಗಿ ಅವಳು ನದಿಯ ಒಡ್ಡಿನ ಕೆಳಗಿನ ತಗ್ಗು ಬಡಾವಣೆಯಲ್ಲಿ ಮನೆ ಕೊಳ್ಳುವಾಗ ಹಳೆಯ ಮನೆಯ ಆ ಚೌಕಟ್ಟನ್ನೇ ಕಿತ್ತು ತರಿಸಿ ಹೊಸ ಅಡುಗೆಮನೆಗೆ ಹಾಕಿಸಿದಳು. ಒಡ್ಡಿನ ಬುಡದಲ್ಲಿ ಮನೆ ಬೇಡ ಎಂದ ಗಂಡನಿಗೆ ಅವಳು ಕೊಟ್ಟ ಉತ್ತರವೂ ಒಂದೇ: "ಆ ಒಡ್ಡು ಕಟ್ಟಿರೋದು ನಮ್ಮಪ್ಪ ನೆಟ್ಟ ಕಲ್ಲಿನ ಲೆಕ್ಕದಲ್ಲಿ."

ಆಗ ಕೋಲಣ್ಣ ಅಲ್ಲೇ ಇದ್ದ. ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ.

ಮೂವತ್ತೊಂದು ವರ್ಷದ ಹಿಂದಿನ ಮಾತು. ಆ ನದಿಯ ಪಕ್ಕದಲ್ಲೇ, ಎದೆಯುದ್ದ ಜೊಂಡು ಬೆಳೆದ ಜೌಗಿನಲ್ಲಿ ಅಳತೆ ನಡೆದಿತ್ತು. ಹೆಂಡತಿಗೆ ಹೆರಿಗೆಯಾಗಿದೆ, ಹೆಣ್ಣುಮಗು ಎಂದು ಹಿಂದಿನ ದಿನ ತಂತಿ ಬಂದಿತ್ತು. ಈ ಸಾಲು ಮುಗಿದ ಕೂಡಲೇ ರಜೆ ಎಂದು ಸಾಹೇಬರು ಮಾತು ಕೊಟ್ಟಿದ್ದರು. ಕೋಲಣ್ಣನ ಕೈ ಕೆಸರಲ್ಲಿತ್ತು, ಮನಸ್ಸು ತೊಟ್ಟಿಲಲ್ಲಿತ್ತು. ಕೋಲು ಮೂರು ತುಂಡಿನದು. ಒಂದರೊಳಗಿಂದ ಒಂದನ್ನು ಮೇಲಕ್ಕೆಳೆದರೆ ಸ್ಪ್ರಿಂಗಿನ ಕೊಂಡಿ ಟಕ್ ಎಂದು ಕಚ್ಚಿಕೊಳ್ಳಬೇಕು. ದುರ್ಬೀನು ಆಗಲೇ ಮುಂದೆ ಎತ್ತರದ ದಿಣ್ಣೆ ಹತ್ತಿತ್ತು, ಹಿಂದೆ ತಗ್ಗಿನ ಜೊಂಡಿನೊಳಗೆ ಅವನಿದ್ದ. ಮೇಲಿನ ತುಂಡುಗಳನ್ನು ಎಳೆದು ಹಿಡಿದ. ಸಾಹೇಬರು ಓದಿ ಕೈ ಬೀಸಿದರು. ಅಲ್ಲಿಂದ ಮುಂದೆ ದಿಣ್ಣೆಯ ಮೇಲೆ ಸಾಲಿನ ಕೊನೆಯ ಮಟ್ಟದ ಕಲ್ಲು ನೆಟ್ಟು ಅವತ್ತಿನ ಕೆಲಸ ಮುಗಿಸಿದರು.

ಸಂಜೆ ಕೋಲು ಒರೆಸುವಾಗ ಗೊತ್ತಾಯಿತು. ಕೊಂಡಿಯ ಸಂದಿಯಲ್ಲಿ ಕೆಸರು ಒಣಗಿ ಕಲ್ಲಾಗಿದೆ. ಜೌಗಿನಲ್ಲಿ ಅದು ಕಚ್ಚಿಯೇ ಇರಲಿಲ್ಲ. ಮೇಲಿನ ತುಂಡು ಸರಿಯಾಗಿ ಒಂದು ಗೇಣು ಕೆಳಗೆ ಜಾರಿ ಕೂತಿತ್ತು. ಜೊಂಡು ಮರೆಯಾಗಿ ಸಾಹೇಬರಿಗೆ ಆ ಕೀಲು ಕಂಡಿರಲಿಲ್ಲ. ಎಂದರೆ ಸಾಹೇಬರು ಓದಿದ ಅಂಕಿ ಒಂದು ಗೇಣು ಹೆಚ್ಚು; ಹೊಸ ಕಲ್ಲು ಇದ್ದದ್ದಕ್ಕಿಂತ ಒಂದು ಗೇಣು ಹೆಚ್ಚು ಎತ್ತರ ಎಂದು ದಾಖಲೆಗೆ ಹೋಯಿತು.

ಕೋಲಣ್ಣ ಆ ಹೊತ್ತಿಗೆ ಗಾಬರಿಯಾಗಲಿಲ್ಲ. ಹೋದ ದಾರಿಯಲ್ಲೇ ವಾಪಸು ಅಳೆದುಕೊಂಡು ಬರುವುದು ಇಲಾಖೆಯ ನಿಯಮ. ಎರಡು ಲೆಕ್ಕ ತಾಳೆಯಾದರೆ ಮಾತ್ರ ಸಾಲು ಪಾಸು. ನಾಳೆ ವಾಪಸು ಬರುವಾಗ ತಪ್ಪು ತಾನೇ ಸಿಕ್ಕಿಬೀಳುತ್ತದೆ, ನಾನ್ಯಾಕೆ ಈಗಲೇ ಬೈಸಿಕೊಳ್ಳಲಿ ಎಂದು ಸುಮ್ಮನಾದ. ಇತ್ತ ಸಾಹೇಬರಿಗೆ ಜ್ವರ. ಅವರು ಗುಡಾರದಲ್ಲೇ ಕೂತು, ವಾಪಸು ಅಳೆದ ಹಾಗೆ ಅಂಕಿಗಳನ್ನು ಬರೆದುಬಿಟ್ಟರು, ಕೊನೆಯ ಅಂಕಿಯನ್ನು ಒಂದಿಷ್ಟು ಅತ್ತಿತ್ತ ಮಾಡಿ. ಕೋಲು ಹಿಡಿದವನು ಕೋಲಣ್ಣ, ಅವನ ಕೈಯಲ್ಲಿ ತಪ್ಪು ಆಗುವುದುಂಟೇ ಎಂಬ ಧೈರ್ಯ ಅವರಿಗೆ. ಅವರು ಇವನನ್ನು ನಂಬಿದರು, ಇವನು ಅವರನ್ನು ನಂಬಿದ.

ಬೆಳಿಗ್ಗೆ ಸಾಹೇಬರು "ಸಾಲು ಮುಗೀತು ಕೋಲಣ್ಣ. ಹೋಗಿ ಮಗಳ ಮುಖ ನೋಡ್ಕೊಂಡು ಬಾ" ಎಂದರು. ಆಗ ಬಾಯಿ ಬಿಡಬಹುದಿತ್ತು. ಬಿಟ್ಟಿದ್ದರೆ ಇನ್ನೂ ಹದಿನೈದು ದಿನದ ಕೆಲಸ. ಅವನು ಚೀಲ ಹೆಗಲಿಗೇರಿಸಿಕೊಂಡು ರೈಲು ಹತ್ತಿದ. ಹತ್ತು ವರ್ಷದ ಮೇಲೆ ಅದೇ ಕಲ್ಲಿನಿಂದ ಲೆಕ್ಕ ಹಾಕಿ ನದಿಗೆ ಒಡ್ಡು ಕಟ್ಟಿದರು. ಅದಾದ ಮೇಲೆ ಒಡ್ಡಿನ ಬುಡದಲ್ಲಿ ಬಡಾವಣೆ ಎದ್ದಿತು.

ಈಗ ಕೋಲಣ್ಣನಿಗೆ ಅರವತ್ತೈದು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಯಲ್ಲೇ ಇದ್ದ. ಮಗಳು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಅಳಿಯ ಲಾರಿ ಓಡಿಸುತ್ತಾ ವಾರಗಟ್ಟಲೆ ಹೊರಗೆ. ನಾಲ್ಕು ವರ್ಷದ ಮೊಮ್ಮಗಳ ಗೆರೆಗಳೂ ಅದೇ ಚೌಕಟ್ಟಿನ ಮೇಲೆ ಏರತೊಡಗಿದ್ದವು.

ಆ ವರ್ಷ ಹಿಮಬೆಟ್ಟಗಳಲ್ಲಿ ಮೂರು ದಿನ ಬಿಡದೆ ಮಳೆ ಸುರಿಯಿತು. ಸುದ್ದಿ ಕೇಳಿದ ಕೋಲಣ್ಣ ಬೆರಳು ಮಡಿಸಿ ಎಣಿಸಿದ. ನಾಲ್ಕನೆಯ ದಿನ ಜೀಪೊಂದು ಬೀದಿಬೀದಿಯಲ್ಲಿ ಕೂಗಿಕೊಂಡು ಬಂತು: ನಾಳೆ ಮಧ್ಯಾಹ್ನಕ್ಕೆ ನದಿ ತುಂಬುತ್ತದೆ, ಆದರೂ ನೀರು ಒಡ್ಡಿನ ತಲೆಗಿಂತ ಅರ್ಧ ಗೇಣು ಕೆಳಗೇ ನಿಲ್ಲುತ್ತದೆ, ಯಾರೂ ಮನೆ ಬಿಡುವುದು ಬೇಡ.

ಕೋಲಣ್ಣ ಇನ್ನೊಮ್ಮೆ ಲೆಕ್ಕ ಹಾಕಿದ. ನೀರಿನ ಲೆಕ್ಕ ಹಾಕುವುದು ರೈಲು ಸೇತುವೆಯ ಕಲ್ಲಿನಿಂದ. ಅದು ಬೇರೆ ತಂಡ ನೆಟ್ಟ ಕಲ್ಲು, ಸರಿಯಾದದ್ದು. ಒಡ್ಡಿನ ಲೆಕ್ಕ ತನ್ನ ಕಲ್ಲಿನಿಂದ, ಎಂದರೆ ಒಡ್ಡು ಕಾಗದದಲ್ಲಿ ಇರುವುದಕ್ಕಿಂತ ಒಂದು ಗೇಣು ಗಿಡ್ಡ. ಕಾಗದದ ಮೇಲೆ ಅರ್ಧ ಗೇಣು ಉಳಿಯುವ ಕಡೆ ನಿಜದಲ್ಲಿ ನೀರು ಅರ್ಧ ಗೇಣು ಮೇಲೆ ಹರಿಯುತ್ತದೆ.

ಹವಾಯಿ ಚಪ್ಪಲಿಯಲ್ಲೇ ಪ್ರವಾಹ ಕಚೇರಿಗೆ ಓಡಿದ. ಕಚೇರಿಯ ಇಂಜಿನಿಯರಮ್ಮ ಒಳ್ಳೆಯವಳು. ಮೂರು ಫೋನುಗಳ ನಡುವೆ ಅವನನ್ನು ಕೂರಿಸಿ, ಹಳೆಯ ದಾಖಲೆ ತೆಗೆಸಿ ನೋಡಿದಳು.

"ಯಜಮಾನ್ರೇ, ಹೋಗ್ತಾ ಬರ್ತಾ ಎರಡು ಲೆಕ್ಕಾನೂ ತಾಳೆ ಇದೆ. ವ್ಯತ್ಯಾಸ ಅಕ್ಕಿಕಾಳಷ್ಟೂ ಇಲ್ಲ."

"ಬರ್ತಾ ಅಳೆದೇ ಇಲ್ಲಮ್ಮ. ಕೋಲು ಹಿಡಿಯೋನು ನಾನು. ನಾನು ಹಿಡಿದೇ ಇಲ್ಲ ಅಂದ್ಮೇಲೆ ಅಂಕಿ ಎಲ್ಲಿಂದ ಬರತ್ತೆ?"

ಅವಳು ಅವನ ಮುಖವನ್ನೇ ನೋಡಿದಳು. "ಹತ್ತು ಸಾವಿರ ಜನ. ನಿಮ್ಮೊಬ್ಬರ ನೆನಪಿನ ಮೇಲೆ ಎಬ್ಬಿಸೋಕಾಗಲ್ಲ. ದಾಖಲೆಗೆ ಸಹಿ ಮಾಡಿದ ಸಾಹೇಬರು ಇದೇ ಊರಲ್ಲಿದಾರಲ್ಲ. ಅವರು ಒಂದು ಮಾತು ಹೇಳ್ಲಿ, ಈಗಲೇ ಎಬ್ಬಿಸ್ತೀನಿ."

ಸಾಹೇಬರು ದೊಡ್ಡ ಹುದ್ದೆಗೇರಿ ನಿವೃತ್ತರಾಗಿ ಊರಿನ ಎತ್ತರದ ಭಾಗದಲ್ಲಿದ್ದರು. ಆರಾಮಕುರ್ಚಿಯಲ್ಲಿ ಒರಗಿದ್ದರು, ಮೊಣಕಾಲ ಮೇಲೆ ಶಾಲು. ಗೋಡೆಯಲ್ಲಿ ಚೌಕಟ್ಟು ಹಾಕಿಸಿದ ದೇಶದ ನಕ್ಷೆ ಇತ್ತು, ಬಯಲಿಗೆ ಹಸಿರು, ಬೆಟ್ಟಕ್ಕೆ ಕಂದು. ಕೋಲಣ್ಣನನ್ನು ಗುರುತು ಹಿಡಿದು ಖುಷಿಪಟ್ಟರು. ಅವನು ಕೈಮುಗಿದು ಎಲ್ಲ ಹೇಳಿದ. ಕೊಂಡಿ, ಕೆಸರು, ತಂತಿ, ಯಾವುದನ್ನೂ ಬಿಡಲಿಲ್ಲ.

"ಏನು ಹುಚ್ಚು ನಿಂಗೆ?" ಎಂದರು ಸಾಹೇಬರು. "ನೀನು ತಪ್ಪಿದ್ರೆ ವಾಪಸು ಅಳತೇಲಿ ಸಿಗ್ತಿರ್ಲಿಲ್ವಾ?"

"ವಾಪಸು ನಡೀಲಿಲ್ಲ ಸಾಹೇಬ್ರೇ. ನಿಮಗೆ ಜ್ವರ ಇತ್ತು."

"ನಡೆದ್ವಿ ಕಣೋ. ನನ್ನ ಕೈಬರಹ ಇದೆಯಲ್ಲ." ಅವರ ಕಣ್ಣಲ್ಲಿ ಕಪಟ ಇರಲಿಲ್ಲ. ಮೂವತ್ತೊಂದು ವರ್ಷ ಆ ಸುಳ್ಳಿನ ಮೇಲೆ ಕೂತು ಕೂತು ಅವರಿಗೆ ಅದು ನಿಜವೇ ಆಗಿಹೋಗಿತ್ತು. ಕೋಲಣ್ಣ ಅವರ ಕಾಲು ಹಿಡಿದ. "ನನ್ನ ಮಗಳಿದಾಳೆ ಅಲ್ಲಿ. ಮೊಮ್ಮಗು ಇದೆ." ಸಾಹೇಬರು ಅವನ ತಲೆ ಸವರಿ, "ನಿನ್ನ ಕೋಲು ಯಾವತ್ತೂ ತಪ್ಪಿಲ್ಲ, ಹೆದರ್ಬೇಡ" ಎಂದು ಸಮಾಧಾನ ಹೇಳಿದರು. ಸಮಾಧಾನ ಅಷ್ಟು ಉರಿಯುತ್ತದೆ ಎಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ.

ಸಾಕ್ಷಿ ಬೇಕು. ಬಾಯಿ ಮಾತಲ್ಲದ ಸಾಕ್ಷಿ. ಹೊಳೆದದ್ದು ಬೆಳಗಿನ ಜಾವ. ರೈಲು ಸೇತುವೆಯಿಂದ ಅವನ ಕಲ್ಲಿನವರೆಗೆ ಎರಡು ಮೈಲಿ ಒಂದು ನಾಲೆ ಇದೆ; ಪ್ರವಾಹದ ಭಯಕ್ಕೆ ಅದರ ಎರಡೂ ತೂಬು ಮುಚ್ಚಿದ್ದರು. ಹರಿಯದ ನೀರಿಗಿಂತ ದೊಡ್ಡ ದುರ್ಬೀನು ಯಾವುದಿದೆ? ನಿಂತ ನೀರು ಆ ತುದಿಗೂ ಈ ತುದಿಗೂ ಒಂದೇ ಮಟ್ಟ. ಹಿಂದಿನ ಬೀದಿಯ ಗಾರೆ ಮೇಸ್ತ್ರಿಯಿಂದ ನೀರು ತುಂಬಿ ಮಟ್ಟ ನೋಡುವ ಉದ್ದನೆಯ ಟ್ಯೂಬು ಇಸಿದುಕೊಂಡು ಬೆಳಕು ಹರಿಯುವ ಹೊತ್ತಿಗೆ ಸೇತುವೆಯ ಬಳಿ ಇದ್ದ. ಟ್ಯೂಬಿನ ಒಂದು ತುದಿಯನ್ನು ಕಲ್ಲಿಗೆ ಕಟ್ಟಿ, ಇನ್ನೊಂದನ್ನು ನಾಲೆಯ ಅಂಚಿಗೆ ಒಯ್ದು, ಕಲ್ಲು ನೀರಿಗಿಂತ ಎಷ್ಟು ಮೇಲಿದೆ ಎಂದು ಗೇಣು ಹಾಕಿದ. ಆಮೇಲೆ ಎರಡು ಮೈಲಿ ಓಡಿದ. ಅರವತ್ತೈದರ ಓಟ ಹೇಗಿರುತ್ತದೋ ಹಾಗೆ, ಎರಡು ಸಲ ಬಿದ್ದು.

ಓಡುವಾಗ ಮನಸ್ಸು ಒಂದನ್ನೇ ಬೇಡುತ್ತಿತ್ತು: ನಾನು ತಪ್ಪಾಗಿರಲಿ. ನನ್ನ ನೆನಪು ಸುಳ್ಳಾಗಲಿ. ಮುದುಕನಿಗೆ ಅರಳುಮರಳು ಎಂದು ಊರು ನಗಲಿ.

ಕಾಗದದ ಪ್ರಕಾರ ಅವನ ಕಲ್ಲು ಸೇತುವೆಯ ಕಲ್ಲಿಗಿಂತ ಎರಡು ಗೇಣು ಎತ್ತರ. ನೀರಿನ ಪ್ರಕಾರ ಒಂದೇ ಗೇಣು. ಮೂರು ಸಲ ಅಳೆದ. ಮೂರು ಸಲವೂ ಒಂದೇ.

ಇಂಜಿನಿಯರಮ್ಮನಿಗೆ ಫೋನು ಮಾಡಿದ. ಅವಳು ಕೊನೆಯವರೆಗೂ ಕೇಳಿದಳು. "ನಾಲೆ ತೂಬು ಎರಡೂ ಮುಚ್ಚಿದ್ವು, ಖಾತ್ರೀನಾ?" ಎಂದಳು. ಆಮೇಲೆ, "ನಾನೇ ಯಂತ್ರ ತಗೊಂಡು ಬರ್ತೀನಿ. ಎರಡು ಗಂಟೆ ಬೇಕು. ರಸ್ತೆಯೆಲ್ಲ ಜಾಮ್ ಆಗಿದೆ." ಒಡ್ಡಿನ ಆಚೆ ನೀರು ಕೆಂಪಾಗಿ ಸುಳಿಯುತ್ತಿತ್ತು. ಎರಡು ಗಂಟೆ ಎಲ್ಲಿದೆ?

ಮನೆಗೆ ಬಂದಾಗ ಮಗಳು ಯಂತ್ರದ ಮುಂದೆ ಕೂತು ಯಾರದೋ ಕುಪ್ಪಸಕ್ಕೆ ತೋಳು ಹಚ್ಚುತ್ತಿದ್ದಳು. "ಎದ್ದೇಳು. ಮಗೂನ ಎತ್ಕೋ. ರೈಲು ಹಳಿ ದಿಬ್ಬಕ್ಕೆ ಹೋಗೋಣ."

"ಏನಪ್ಪ ಇದು, ಮೈಯೆಲ್ಲ ಕೆಸರು. ಜೀಪಿನವರು ಏನೂ ಆಗಲ್ಲ ಅಂದ್ರಲ್ಲ."

"ಅವರಿಗೆ ಗೊತ್ತಿಲ್ಲ."

"ಒಡ್ಡು ನಿನ್ನ ಕಲ್ಲಿನ ಲೆಕ್ಕದ್ದು. ನೀನೇ ಹೆದರಿದ್ರೆ ಹೇಗೆ?" ಅವಳು ನಕ್ಕು ದಾರ ಕಚ್ಚಿದಳು.

ಬೇರೆ ಸುಳ್ಳು ಹೇಳಿ ಎಬ್ಬಿಸಬಹುದಿತ್ತೋ ಏನೋ. ಆದರೆ ಆ ಹೊತ್ತಿಗೆ ಅವನ ಬಳಿ ಸುಳ್ಳು ಯಾವುದೂ ಉಳಿದಿರಲಿಲ್ಲ.

"ಆ ಕಲ್ಲು ಒಂದು ಗೇಣು ತಪ್ಪು ಕಣೇ. ತಪ್ಪಿದ್ದು ನಾನು. ಅವತ್ತೇ ಗೊತ್ತಿತ್ತು. ಹೇಳಿದ್ರೆ ಹದಿನೈದು ದಿನ ರಜ ಸಿಗ್ತಿರ್ಲಿಲ್ಲ. ನೀನು ಹುಟ್ಟಿದ್ದೆ. ನಿನ್ನ ಮುಖ ನೋಡೋ ಆತುರ."

ಯಂತ್ರದ ಚಕ್ರ ತಾನಾಗಿ ಎರಡು ಸುತ್ತು ತಿರುಗಿ ನಿಂತಿತು. ಮಗಳು ಅವನನ್ನು ನೋಡಿದಳು. ಆಮೇಲೆ ತಲೆ ತಿರುಗಿಸಿ ಅಡುಗೆಮನೆಯ ಚೌಕಟ್ಟನ್ನು, ಕೆಳಗಿನಿಂದ ಮೇಲಿನವರೆಗೆ ಏರಿದ್ದ ಪೆನ್ಸಿಲಿನ ಗೆರೆಗಳನ್ನು ನೋಡಿದಳು.

"ಈ ಮನೆ ಕೊಳ್ಳೋವಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಎದ್ದು ಮಗುವನ್ನು ಎತ್ತಿಕೊಂಡಳು. ಹೊಸಿಲು ದಾಟುವಾಗ ಅವನು ಕೈ ಚಾಚಿದ, ಮಗುವನ್ನು ತಾನು ಹೊರುತ್ತೇನೆ ಎಂದು. ಅವಳು ಕೊಡಲಿಲ್ಲ.

ಬೀದಿಯಲ್ಲಿ ಕೋಲಣ್ಣ ಬಾಗಿಲುಬಾಗಿಲು ಬಡಿದ. "ನನ್ನ ಕಲ್ಲು ಒಂದು ಗೇಣು ಸುಳ್ಳು. ಎದ್ದು ಹೊರಡಿ." ಕೆಲವರು ಅವನ ಮುಖ ನೋಡಿಯೇ ಮಕ್ಕಳನ್ನು ಎತ್ತಿಕೊಂಡರು. ಕೆಲವರು ಬಾಗಿಲು ಹಾಕಿಕೊಂಡರು. ಎದುರುಮನೆಯ ಗಡಿಯಾರ ರಿಪೇರಿಯವನು ಅವನ ದಿನಸಂಜೆಯ ಜೊತೆಗಾರ. ಒಂದು ಕಾಲು ಊನ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಜಗಲಿಯಲ್ಲಿ ಕೂತಿದ್ದ.

"ಐದು ವರ್ಷದಿಂದ ಭದ್ರ ಭದ್ರ ಅಂತ ಹೇಳ್ದವನು ನೀನು. ಇವತ್ತು ಬೆಳಿಗ್ಗೆ ಅಲ್ಲ ಅಂತಿದೀಯ. ಯಾವುದನ್ನ ನಂಬ್ಲಿ ಮಾರಾಯ?"

"ಇವತ್ತಿಂದನ್ನ. ನಿನ್ನ ಕಾಲಿಗೆ ಬೀಳ್ತೀನಿ. ನಾನು ಹೊತ್ಕೊಂಡು ಹೋಗ್ತೀನಿ."

"ನೀನು ನನ್ನ ಹೊತ್ಕೊಂಡ್ರೆ ಇಬ್ರೂ ಮೋರಿಗೇ." ಅವನು ನಕ್ಕ. "ಒಂದು ಗೇಣು ನೀರು ತಾನೇ? ಮಂಚದ ಮೇಲೆ ಕೂರ್ತೀನಿ. ಹೋಗು, ಮಗಳನ್ನ ಕರ್ಕೊಂಡು ಹೋಗು."

ಒಂದು ಗೇಣಲ್ಲ, ಅರ್ಧ ಗೇಣೇ. ಆದರೆ ಮಣ್ಣಿನ ಒಡ್ಡಿನ ಮೇಲೆ ಅರ್ಧ ಗೇಣು ಹರಿದರೆ ಏನಾಗುತ್ತದೆ ಎಂದು ವಿವರಿಸುವುದಕ್ಕೆ ಸಮಯವಿರಲಿಲ್ಲ. ಹನ್ನೊಂದು ಗಂಟೆಗೆ ಇಂಜಿನಿಯರಮ್ಮ ಬಂದಳು. ಯಂತ್ರವನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಒಡ್ಡಿನ ಅಂಚಿಗೆ ಬಂದ ನೀರು ನೋಡಿ ಸೈರನ್ನು ಹೊಡೆಸಿದಳು. ಆಗ ಬಡಾವಣೆಯೇ ಓಡತೊಡಗಿತು. ಇಪ್ಪತ್ತು ನಿಮಿಷವಾಗಿರಬೇಕು. ರೈಲು ದಿಬ್ಬದ ಮೇಲೆ ನಿಂತವರಿಗೆ ಮೊದಲು ಕಂಡದ್ದು ಒಡ್ಡಿನ ತಲೆಯ ಮೇಲೊಂದು ತೆಳ್ಳನೆಯ ಹೊಳಪು, ಅಂಗಳಕ್ಕೆ ನೀರು ಚೆಲ್ಲಿದ ಹಾಗೆ. ಅದು ಈಚೆಯ ಮಣ್ಣನ್ನು ತಿಂದಿತು. ನೋಡುತ್ತಿದ್ದಂತೆ ಒಡ್ಡು ಮಧ್ಯದಲ್ಲಿ ಕುಸಿಯಿತು. ಆಮೇಲೆ ಗೇಣಿನ ಲೆಕ್ಕ ಮುಗಿಯಿತು.

ಏಳು ಜನ ಸತ್ತರು. ಗಡಿಯಾರದವನು ಮೂರನೆಯ ದಿನ ಸಿಕ್ಕಿದ. ವರದಿಯಲ್ಲಿ ತಪ್ಪನ್ನೆಲ್ಲ ನದಿಯ ಮೇಲೆ ಹೊರಿಸಿದರು. ಸಹಿ ಹಾಕಲು ನದಿಗೆ ಬರುವುದಿಲ್ಲವಲ್ಲ. ಕೋಲಣ್ಣ ಹೋಗಿ ತನ್ನ ಹೇಳಿಕೆ ಬರೆಸಿಕೊಟ್ಟ. ಅದನ್ನು ಯಾವ ಕಡತಕ್ಕೆ ಸೇರಿಸಿದರೋ, ಮತ್ತೆ ಯಾರೂ ಕರೆಯಲಿಲ್ಲ. ಏಳು ಜನರಲ್ಲಿ ಆರು ಜನರ ಮುಖ ಅವನಿಗೆ ಗೊತ್ತಿತ್ತು. ಏಳನೆಯವರ ಮುಖ ಹೇಗಿತ್ತು ಎಂದು ಅವನು ಅವರ ಮನೆಗೆ ಹೋಗಿ ಕೇಳಿ ಬಂದ.

ತಿಂಗಳ ಮೇಲೆ ಮನೆಗೆ ಮರಳಿದರು. ಗೋಡೆಯಲ್ಲಿ ಎದೆಮಟ್ಟಕ್ಕೆ ಕೆಸರಿನ ಗೆರೆ, ನಾಲ್ಕೂ ಕಡೆ ಒಂದೇ ನೇರ; ಎಷ್ಟಾದರೂ ನೀರು ಎಳೆದ ಗೆರೆ. ಚೌಕಟ್ಟಿನ ಮೇಲೂ ಇತ್ತು. ಮೊಮ್ಮಗಳ ಕೊನೆಯ ಗೆರೆಗಿಂತ ಒಂದು ಗೇಣು ಮೇಲೆ. ಕೋಲಣ್ಣನ ಕೈ ತಾನಾಗಿ ಅಲ್ಲಿ ಗೇಣು ಹಾಕಿತು. ಹಾಕಿ, ಬಿಸಿ ಪಾತ್ರೆ ಮುಟ್ಟಿದವನ ಹಾಗೆ ಹಿಂದಕ್ಕೆ ಎಳೆದುಕೊಂಡ.

ಮಗಳು ಅವನಿಗೆ ಹೊತ್ತುಹೊತ್ತಿಗೆ ಊಟ ಹಾಕುತ್ತಿದ್ದಳು, ಔಷಧಿ ಕೊಡುತ್ತಿದ್ದಳು. ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಮೊಮ್ಮಗಳಿಗೆ ಐದು ತುಂಬಿದ ದಿನ ಅವಳೇ ಓಡಿ ಹೋಗಿ ಚೌಕಟ್ಟಿಗೆ ಒರಗಿ ನಿಂತಳು. "ತಾತ, ಬಾ. ಗೆರೆ." ಹಿಮ್ಮಡಿ ಊರಿ, ಉಸಿರು ಬಿಗಿಹಿಡಿದು, ಅವನೇ ಕಲಿಸಿದ ಹಾಗೆ ಅಲುಗಾಡದೆ. ಕೋಲಣ್ಣ ಕಿಟಕಿಯ ಮೇಲಿದ್ದ ಪೆನ್ಸಿಲು ತೆಗೆದುಕೊಂಡು ಮಂಡಿಯೂರಿದ. ಮಗುವಿನ ನೆತ್ತಿಯ ಮೇಲೆ ಅಂಗೈ ಇಟ್ಟ.

ಒಳಗಿನಿಂದ ಮಗಳು ಬಂದಳು. ಕೈ ಒರೆಸಿಕೊಂಡು, ಅವನ ಬೆರಳುಗಳ ನಡುವಿನಿಂದ ಪೆನ್ಸಿಲನ್ನು ಮೆಲ್ಲಗೆ ತೆಗೆದುಕೊಂಡಳು.

"ನೀನು ಏಳಪ್ಪ," ಎಂದಳು. "ಇನ್ಮೇಲೆ ಗೆರೆ ನಾನೇ ಎಳೀತೀನಿ."